ಬೆಣೆ ಹಾಕಿದ ಬಟನ್

ಕಂತು ಏಳು

“ಆ ಸ್ಕ್ರೂ ಮುಟ್ಟಿದೆಯೋ, ಕೈ ಮುರಿದುಬಿಡ್ತೀನಿ!”

ಸ್ಟೂಲಿನ ಮೇಲೆ ಕೂತಿದ್ದ ಕೆಲಸದವನು ಬೆಚ್ಚಿಬಿದ್ದು ತಿರುಗಿದ. ಎರಡು ಸ್ಕ್ರೂ ಅವನ ಬಾಯಲ್ಲಿದ್ದವು, ಮೂರನೆಯದು ಅರ್ಧ ಹೊರಗೆ ಬಂದಿತ್ತು. ನಾಲ್ಕೂ ಬಿಚ್ಚಿದರೆ ಪ್ಯಾನೆಲ್ ಕಂಬ ಬಿಟ್ಟು ಕೈಗೆ ಬರುತ್ತದೆ. ಪ್ಯಾನೆಲ್ ಹೋಯಿತೆಂದರೆ ಅಣ್ಣನೂ ಹೋದ ಹಾಗೆಯೇ.

ಬೇಸ್‌ಮೆಂಟಿನ ಇಳಿಜಾರಿನಲ್ಲಿ ಓಡಿಬಂದ ರಭಸಕ್ಕೆ ಕಿಡಿಗೆ ಉಸಿರೇ ಸಿಗುತ್ತಿರಲಿಲ್ಲ. ಅವಳಿಗೆ ಬೇರೆ ಹೆಸರಿದೆ, ಮನೆಯಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರು ಜೋಡಿಸುವುದು ಅವಳ ಕಸುಬು, ಸಿಟ್ಟೋ ಮೂಗಿನ ತುದಿಯಲ್ಲಿ. ಎರಡನ್ನೂ ನೋಡಿ ಅಣ್ಣ ಇಟ್ಟ ಹೆಸರು ಅದು.

ನಿನ್ನೆ ಮಧ್ಯಾಹ್ನ, ಒಂದು ಕಾರಿನ ಮೇಲೆ ಇನ್ನೊಂದನ್ನು ಎತ್ತಿ ನಿಲ್ಲಿಸುವ ಇದೇ ಪಾರ್ಕಿಂಗ್ ಲಿಫ್ಟಿನ ಅಡಿಗೆ ಸಿಕ್ಕಿ ಮೂರನೇ ಮಹಡಿಯ ದಂತವೈದ್ಯರು ಸತ್ತಿದ್ದರು, ಲಿಫ್ಟಿನ ಆಪರೇಟರ್ ಆಗಿದ್ದ ಅಣ್ಣ ಠಾಣೆಯಲ್ಲಿದ್ದ. ಇವತ್ತು ಸಂಜೆ ನಾಲ್ಕಕ್ಕೆ ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನಂತೆ. ಈಗಾಗಲೇ ಎರಡು ಗಂಟೆ.

“ಯಾರಮ್ಮ ನೀನು? ಒಳಗೆ ಬಿಟ್ಟೋರ್ಯಾರು?”

ಕಾರುಗಳ ಸಂದಿಯಿಂದ ಕಟ್ಟಡದ ಮ್ಯಾನೇಜರ್ ಬಂದ. ಅಂಗಿಗೆ ಇಸ್ತ್ರಿ, ಪ್ಯಾಂಟಿಗೆ ಇಸ್ತ್ರಿ, ಮುಖಕ್ಕೂ ಯಾರೋ ಇಸ್ತ್ರಿ ಹಾಕಿದಂತಿತ್ತು.

“ಈ ಪ್ಯಾನೆಲ್ ಮಾಡಿದೋಳು ನಾನು. ನಾಲ್ಕು ವರ್ಷದ ಹಿಂದೆ ಒಂದೊಂದು ವೈರೂ ಈ ಕೈಯಲ್ಲೇ ಜೋಡಿಸಿದೀನಿ. ನಿನ್ನೆ ಹೆಣ ಬಿದ್ದಿರೋ ಜಾಗ ಇದು. ಇವತ್ತೇ ಬಿಚ್ಚೋಷ್ಟು ಅವಸರ ಏನು ನಿಮಗೆ?”

“ಇಪ್ಪತ್ತೆರಡು ಕಾರು ರಸ್ತೇಲಿ ನಿಂತಿವೆ. ಎಲ್ಲರ ಹತ್ರ ಬೈಸ್ಕೊಳ್ಳೋನು ನಾನು. ಪೊಲೀಸ್ನೋರು ಫೋಟೋ ತೆಗೆದು ಹೋಗಿದ್ದಾಯ್ತು. ಜಾಗ ಬಿಡು, ಇಲ್ಲಾಂದ್ರೆ ಅವರನ್ನೇ ಕರೀತೀನಿ.”

“ಕರೀರಿ! ಕೈ ಮುಗೀತೀನಿ, ಕರೀರಿ. ಬೆಳಿಗ್ಗೆಯಿಂದ ನಾನು ಕರೆದೂ ಕರೆದೂ ಸಾಕಾಯ್ತು, ಒಬ್ಬರೂ ತಿರುಗಿ ನೋಡ್ಲಿಲ್ಲ. ನಿಮ್ಮ ಮಾತಿಗಾದ್ರೂ ಬರ್ತಾರೇನೋ.”

ಮ್ಯಾನೇಜರ್ ಫೋನ್ ತೆಗೆದು ಠಾಣೆಗೆ ಕರೆ ಮಾಡಿದ. ಕಿಡಿ ಪ್ಯಾನೆಲ್‌ಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಕಂಬ ಹಿಡಿದು ನಿಂತಳು. ಸ್ಕ್ರೂಡ್ರೈವರ್‌ನವನು ಬಾಯಲ್ಲಿದ್ದ ಸ್ಕ್ರೂಗಳನ್ನು ಅಂಗೈಗೆ ಉಗಿದುಕೊಂಡು, “ನಂದೇನೂ ಇಲ್ಲಮ್ಮ, ಬಿಚ್ಚು ಅಂದ್ರು, ಬಿಚ್ಚಿದೆ” ಎಂದು ಎರಡು ಹೆಜ್ಜೆ ದೂರ ಸರಿದ.

ಅವಳ ಫೋನ್ ಹೊಡೆದುಕೊಂಡಿತು. ಅತ್ತಿಗೆ.

“ಎಲ್ಲಿದ್ದೀಯೇ ಕಿಡಿ?”

“ಲಿಫ್ಟಿನ ಹತ್ರ. ಅಣ್ಣ ಏನಂದ?”

“ಏನನ್ನುತ್ತಾರೆ. ಗೋಡೆ ನೋಡ್ಕೊಂಡು ಕೂತಿದ್ದಾರೆ. ನಾನೇ ಕೊಂದೆ, ನಾನೇ ಕೊಂದೆ, ಅದೊಂದೇ ಮಾತು.” ಅತ್ತಿಗೆಯ ದನಿ ಒಡೆದಿತ್ತು. “ಸಹಿ ಹಾಕಿಬಿಡ್ಲಿ ಬಿಡೇ. ಅಜಾಗರೂಕತೆ ಅಂತ ಒಪ್ಪಿಕೊಂಡ್ರೆ ಶಿಕ್ಷೆ ಕಮ್ಮಿ, ಹೆಚ್ಚಂದ್ರೆ ಎರಡು ವರ್ಷ ಅಂದ್ರು ವಕೀಲರು. ಎರಡು ವರ್ಷ ಹೇಗೋ ಕಳೆಯುತ್ತೆ.”

“ಮಾಡದ ತಪ್ಪಿಗೆ ಎರಡು ದಿನಾನೂ ಬೇಡ ಅತ್ತಿಗೆ. ನೀವು ಏನಾದ್ರೂ ತಿಂದ್ರಾ?”

“ಗಂಟಲಲ್ಲಿ ಇಳಿಯಲ್ಲ. ನೀನು ಸುಮ್ನೆ ಬಂದುಬಿಡು. ಅಲ್ಲೇನೂ ಸಿಗಲ್ಲ ನಿಂಗೆ.”

ಅಮ್ಮ ತೀರಿಕೊಂಡಾಗ ಕಿಡಿಗೆ ಹನ್ನೊಂದು ವರ್ಷ. ಅಂದಿನಿಂದ ತಲೆ ಬಾಚಿದ್ದು, ಜ್ವರ ಬಂದಾಗ ರಾತ್ರಿ ಎದ್ದು ಕೂತಿದ್ದು, ವೈರಿಂಗ್ ಕಲೀತೀನಿ ಎಂದಾಗ ಮನೆಯವರೆಲ್ಲ ನಕ್ಕರೂ ಫೀಸು ಕಟ್ಟಿ ಬಂದಿದ್ದು ಇದೇ ಅತ್ತಿಗೆ. ಪಾಪ, ಇತ್ತೀಚೆಗೆ ಒಂದರ ಮೇಲೊಂದು ಕಷ್ಟ. ಐದು ವರ್ಷದಿಂದ ಅದೇ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದವಳು ಮೂರು ವಾರದ ಹಿಂದೆ ಕೆಲಸ ಬಿಟ್ಟಿದ್ದಳು. ಯಾಕೆ ಎಂದು ಕೇಳಿದರೆ ಬೆನ್ನುನೋವು ಎಂದಿದ್ದಳು. ಈಗ ಗಂಡನೂ ಹೀಗೆ.

ಈ ಲಿಫ್ಟಿನ ಕೆಲಸವನ್ನು ಅಣ್ಣನಿಗೆ ಕೊಡಿಸಿದವಳು ಕಿಡಿಯೇ. ಅದು ನೆನಪಾದಾಗಲೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಇನ್‌ಸ್ಪೆಕ್ಟರ್ ಬಂದಾಗ ಎರಡೂ ಇಪ್ಪತ್ತು. ಹಿಂದೆ ಒಬ್ಬ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್‌ಗೆ ಒಣಕೆಮ್ಮು, ಮಾತಿಗೊಮ್ಮೆ ಕೆಮ್ಮುತ್ತಿದ್ದರು, ಕೆಮ್ಮಿದಾಗಲೆಲ್ಲ ಎದುರಿಗಿದ್ದವರ ಮೇಲೆ ಸಿಟ್ಟಾಗುತ್ತಿದ್ದರು.

“ಏನಮ್ಮಾ ನಿನ್ನ ಗಲಾಟೆ? ನಿಮ್ಮಣ್ಣನೇ ಒಪ್ಕೊಂಡಾಯ್ತಲ್ಲ.”

“ಅವನು ಏನಂತ ಒಪ್ಕೊಂಡಿದ್ದಾನೆ ಸಾರ್? ಅದೊಂದು ಹೇಳಿ. ಆಮೇಲೆ ನನ್ನನ್ನೂ ಬೇಕಾದ್ರೆ ಒಳಗೆ ಹಾಕಿ.”

ಇನ್‌ಸ್ಪೆಕ್ಟರ್ ಕೆಮ್ಮಿದರು. ಆಮೇಲೆ ಬೆರಳು ಮಡಚುತ್ತಾ ಹೇಳಿದರು. ನಿನ್ನೆ ಒಂದೂ ಹತ್ತಕ್ಕೆ ಡಾಕ್ಟರು ಊಟಕ್ಕೆ ಹೊರಡುತ್ತೇನೆ, ಕಾರು ಇಳಿಸು ಎಂದು ಫೋನ್ ಮಾಡಿದರು. ಅವರ ಕಾರು ಮೇಲಿನ ಪ್ಲಾಟ್‌ಫಾರ್ಮಿನಲ್ಲಿತ್ತು. ಕೆಳಗಿದ್ದ ಕಾರನ್ನು ಅಣ್ಣ ಪಕ್ಕಕ್ಕೆ ತೆಗೆದ, ಡೌನ್ ಬಟನ್ ಒತ್ತಿದ, ಅದಕ್ಕೊಂದು ಬೆಣೆ ಸಿಕ್ಕಿಸಿದ.

“ಬೆಣೆ ಯಾಕೆ ಅಂತ ಗೊತ್ತಲ್ಲಾ ಸಾರ್?”

“ಬೆರಳು ತೆಗೆದ್ರೆ ಲಿಫ್ಟ್ ನಿಲ್ಲುತ್ತೆ. ಪೂರ್ತಿ ಇಳಿಯೋವರೆಗೂ ಒತ್ತಿಕೊಂಡೇ ನಿಂತಿರ್ಬೇಕು. ದಿನಕ್ಕೆ ನೂರು ಸಲ ಒತ್ತಿ ಹೆಬ್ಬೆರಳು ಹಿಡ್ಕೊಳ್ಳುತ್ತೆ, ಅದಕ್ಕೆ ಎಲ್ಲಾ ಆಪರೇಟರ್‌ಗಳೂ ಬೆಣೆ ಹಾಕ್ತಾರೆ ಅಂದ. ಸೋಮಾರಿಗಳು. ಸರಿ, ಅರ್ಧಕ್ಕೆ ಬಂದಾಗ ಕರೆಂಟ್ ಹೋಯ್ತು. ಪ್ಲಾಟ್‌ಫಾರ್ಮ್ ಆಳೆತ್ತರದಲ್ಲಿ ನಿಂತ್ಕೊಳ್ತು. ನಿಮ್ಮಣ್ಣ ಬೆಣೆ ತೆಗೆಯೋದೂ ಮರೆತ, ಕೀ ತೆಗೆಯೋದೂ ಮರೆತ, ಎದುರುಗಡೆ ಅಂಗಡಿಗೆ ಟೀ ಕುಡಿಯೋಕೆ ಹೋದ. ಒಂದೂವರೆಗೆ ಕರೆಂಟ್ ಬಂತು. ಬಟನ್ ಒತ್ತಿದ ಹಾಗೇ ಇದೆ. ಪ್ಲಾಟ್‌ಫಾರ್ಮ್ ತಾನಾಗಿ ಇಳೀತು. ಅಡಿಯಲ್ಲಿ ಡಾಕ್ಟರು. ಮುಗೀತು.”

“ಅವನು ಟೀ ಅಂಗಡೀಲಿದ್ದ ಅನ್ನೋದು ಖಾತ್ರಿನಾ?”

“ಅಂಗಡಿಯವನು ಹೇಳಿದ್ದಾನೆ. ಕಿರುಚಾಟ ಕೇಳೋವರೆಗೂ ಬೆಂಚು ಬಿಟ್ಟು ಎದ್ದಿಲ್ಲ ಅಂತ. ಅದಕ್ಕೇ ಕೊಲೆ ಅಂತಿಲ್ಲ, ಅಜಾಗರೂಕತೆ ಅಂತಿದ್ದೀವಿ. ಪುಣ್ಯ ಅಂದ್ಕೋ.”

“ಸಾರ್,” ಎಂದಳು ಕಿಡಿ. “ಕರೆಂಟ್ ಬಂದ್ರೆ ಈ ಲಿಫ್ಟ್ ತಾನಾಗಿ ಇಳಿಯಲ್ಲ. ಇಳಿಯೋಕೆ ಸಾಧ್ಯಾನೇ ಇಲ್ಲ. ಹತ್ತು ನಿಮಿಷ ಕೊಡಿ, ತೋರಿಸ್ತೀನಿ.”

“ನೋಡಿ ಸಾರ್, ಇವಳದ್ದು—” ಮ್ಯಾನೇಜರ್ ಬಾಯಿ ಹಾಕಿದ.

“ನೀವೇ ಕರೆಸಿದ್ದಲ್ವಾ ನನ್ನ? ಬಂದಮೇಲೆ ನೋಡ್ಕೊಂಡೇ ಹೋಗ್ತೀನಿ.” ಇನ್‌ಸ್ಪೆಕ್ಟರ್ ವಾಚ್ ನೋಡಿಕೊಂಡರು. “ಹತ್ತು ನಿಮಿಷ.”

ಕಿಡಿ ಮೊದಲು ಪ್ಯಾನೆಲಿನ ಬಾಗಿಲು ತೆರೆದಳು. ಹೊರಗಿನಿಂದ ನೋಡಿದರೆ ಅದೊಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ: ಇನ್ನೂ ಕೀ ಸಿಕ್ಕಿಸಿದ್ದ ತೂತು, ಹಸಿರು ಅಪ್ ಬಟನ್, ಕಪ್ಪು ಡೌನ್ ಬಟನ್, ಅಣಬೆಯಂಥ ಕೆಂಪು ಸ್ಟಾಪ್. ಒಳಗೆ ನೋಡಿದವರಿಗೆ ವೈರುಗಳ ಗೋಜಲು. ಕಿಡಿಗೆ ಮಾತ್ರ ಅದು ತನ್ನದೇ ಕೈಬರಹ. ಯಾವುದು ಎಲ್ಲಿಗೆ ಹೋಗುತ್ತದೆಂದು ಓದಿಕೊಂಡು ಹೋದವಳು ಒಂದು ಕಡೆ ನಿಂತುಬಿಟ್ಟಳು.

“ಇದು ನಂದಲ್ಲ.”

“ಯಾವುದು?”

“ಈ ನೀಲಿ ವೈರು. ಇದನ್ನ ಆಮೇಲೆ ಯಾರೋ ಹಾಕಿದಾರೆ. ಸಾರ್, ಅಲ್ಲಿ ಕಂಬದ ಬುಡದಲ್ಲಿ ಕೆಂಪು ಕಣ್ಣು ಕಾಣುತ್ತಾ? ಇಳಿಯುವಾಗ ಅಡಿಯಲ್ಲಿ ಆಳು ಬಂದ್ರೆ, ಬೆಕ್ಕು ಬಂದ್ರೂ ಸೈ, ಅದು ಲಿಫ್ಟ್ ನಿಲ್ಲಿಸುತ್ತೆ. ಈ ವೈರು ಆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಯಾರು ಅಡಿಯಲ್ಲಿದ್ರೂ ಪ್ಯಾನೆಲ್‌ಗೆ ಗೊತ್ತಾಗಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಕೇಳುವ ಮೊದಲೇ ಮ್ಯಾನೇಜರ್, “ನನಗೇನೂ ಗೊತ್ತಿಲ್ಲ” ಎಂದ.

ಕಿಡಿ ಅವನ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಅದುಮಿಟ್ಟಿದ್ದೆಲ್ಲ ಒಮ್ಮೆಗೇ ಉಕ್ಕಿ ಬಂತು.

“ಅದಕ್ಕೇ ಅವಸರ! ಅದಕ್ಕೇ ಇವತ್ತೇ ಪ್ಯಾನೆಲ್ ಬಿಚ್ಚಿಸ್ತಾ ಇದ್ದೀರಿ! ನಿಮ್ಮ ತಪ್ಪು ಗುಜರಿಗೆ, ನಮ್ಮಣ್ಣ ಜೈಲಿಗೆ. ಒಬ್ಬ ಮನುಷ್ಯ ರೊಟ್ಟಿ ತಟ್ಟಿದ ಹಾಗೆ ಆಗಿಹೋದನಲ್ಲ, ರಾತ್ರಿ ನಿದ್ದೆ ಹೇಗೆ ಬಂತ್ರೀ ನಿಮಗೆ?”

“ಬರ್ಲಿಲ್ಲ!” ಮ್ಯಾನೇಜರ್ ಕೂಗಿಬಿಟ್ಟ. ಬೇಸ್‌ಮೆಂಟಿನಲ್ಲೆಲ್ಲ ಅದು ಮೊಳಗಿತು. ಇಸ್ತ್ರಿ ಹಾಕಿದ ಮುಖ ಕ್ಷಣದಲ್ಲಿ ಸುಕ್ಕಾಯಿತು. “ಬರ್ಲಿಲ್ಲ ಕಣಮ್ಮ. ಧೂಳು ಕೂತ್ರೂ ಆ ಕಣ್ಣು ಲಿಫ್ಟ್ ನಿಲ್ಲಿಸ್ತಿತ್ತು. ದಿನಾ ಬೆಳಿಗ್ಗೆ ನಾಲ್ಕು ಜನ ನನ್ನ ಕೊರಳಪಟ್ಟಿಗೆ ಕೈ ಹಾಕ್ತಿದ್ರು. ಆರು ತಿಂಗಳ ಹಿಂದೆ ಮೆಕ್ಯಾನಿಕ್ ಒಬ್ಬನಿಗೆ ಹೇಳಿ ಆ ವೈರು ಹಾಕ್ಸಿದೆ. ಅಷ್ಟೇ ನಾನು ಮಾಡಿದ್ದು. ಸಾರ್, ಡಾಕ್ಟರು ಸತ್ತ ಹೊತ್ತಲ್ಲಿ ನಾನು ಮೇಲೆ ಮೀಟಿಂಗಲ್ಲಿದ್ದೆ. ಇಪ್ಪತ್ತು ಜನ ಇದ್ದರು, ಕೇಳಿ.”

“ಕೇಳಿದ್ದೀನಿ,” ಎಂದರು ಇನ್‌ಸ್ಪೆಕ್ಟರ್. “ಹನ್ನೆರಡೂವರೆಯಿಂದ ಎರಡರವರೆಗೂ ಕುರ್ಚಿ ಬಿಟ್ಟು ಎದ್ದಿಲ್ಲ. ಈ ವೈರಿನ ವಿಚಾರ ಆಮೇಲೆ ಮಾತಾಡೋಣ, ನೀವು ಎಲ್ಲೂ ಹೋಗ್ಬೇಡಿ. ಏನಮ್ಮಾ, ಇಷ್ಟೇನಾ? ಕಣ್ಣು ಕಟ್ಟಿದ್ರೆ ನಿಮ್ಮಣ್ಣನ ಬೆಣೆ ಸುಳ್ಳಾಗಲ್ಲ.”

“ಇಷ್ಟೇ ಅಲ್ಲ ಸಾರ್. ಈಗ ನೋಡಿ.”

ಡಾಕ್ಟರ ಕಾರು ಇನ್ನೂ ಪ್ಲಾಟ್‌ಫಾರ್ಮಿನ ಮೇಲೆಯೇ ಇತ್ತು. ನಿನ್ನೆ ಹೆಣ ತೆಗೆಯಲು ಎತ್ತಿದವರು ಆಳೆತ್ತರದಲ್ಲೇ ಬಿಟ್ಟು ಹೋಗಿದ್ದರು. ಅಡಿಯ ನೆಲವನ್ನು ಯಾರೋ ನೀರು ಹಾಕಿ ತೊಳೆದಿದ್ದರು. ಕಿಡಿ ಅತ್ತ ನೋಡಲಿಲ್ಲ.

ಆಪರೇಟರ್ ಮೇಜಿನ ಡ್ರಾಯರಿನಲ್ಲಿ ಅಣ್ಣನ ಸಣ್ಣ ಡಬ್ಬಿ ಸಿಕ್ಕಿತು. ಮರದ ಅಡಿಕೋಲನ್ನು ಕೊಯ್ದು, ಉಜ್ಜಿ ಮಾಡಿದ ಬೆಣೆಗಳು, ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ. ಒಂದನ್ನು ತೆಗೆದು ಡೌನ್ ಬಟನ್ ಒತ್ತಿ, ಸುತ್ತಲಿನ ಕಬ್ಬಿಣದ ಬಳೆಯ ಸಂದಿಗೆ ತುರುಕಿದಳು. ಜಾರಿ ಬಿತ್ತು. ಮತ್ತೆ ತುರುಕಿದಳು. ಮತ್ತೆ ಬಿತ್ತು.

“ನಿಮ್ಮಣ್ಣನ ವಿದ್ಯೆ ನಿನಗೆ ಬಂದಿಲ್ಲ. ಕೊಡು ಇಲ್ಲಿ.” ಇನ್‌ಸ್ಪೆಕ್ಟರ್ ತಾವೇ ಪ್ರಯತ್ನಿಸಿದರು. ಬೆಣೆ ಚಿಮ್ಮಿ ಕಾನ್‌ಸ್ಟೇಬಲ್‌ನ ಎದೆಗೆ ಬಡಿಯಿತು. ಮ್ಯಾನೇಜರ್‌ನ ಕೈಗೆ ಕೊಟ್ಟರು. ಅವನದೂ ಬಿತ್ತು. ಸ್ಕ್ರೂಡ್ರೈವರ್‌ನವನು ಕೇಳದಿದ್ದರೂ ಮುಂದೆ ಬಂದು ಒಂದು ಕೈ ನೋಡಿದ, ತನಗೂ ಆಗದಾಗ ಬೆಣೆಯನ್ನೇ ಬೈದ.

ಕಿಡಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಮೊದಲು ಅಡ್ಡಡ್ಡ ಇಟ್ಟು, ಅರ್ಧ ಸುತ್ತು ತಿರುಗಿಸಿ, ತುದಿಯನ್ನು ಬಳೆಯ ಅಡಿಗೆ ಜಾರಿಸಬೇಕು. ಈ ಸಲ ನಿಂತಿತು. ಬಟನ್ ಒಳಗೇ ಉಳಿಯಿತು.

“ಈಗ ಮೇನ್ ಸ್ವಿಚ್ ಹಾಕಿ. ಇದೇ ನಿನ್ನೆ ಕರೆಂಟ್ ಬಂದ ಕ್ಷಣ ಅಂದ್ಕೊಳ್ಳಿ.”

ಪ್ಯಾನೆಲ್ ಬಿಚ್ಚಲೆಂದು ಆರಿಸಿಟ್ಟಿದ್ದ ಗೋಡೆಯ ಸ್ವಿಚ್ಚನ್ನು ಕಾನ್‌ಸ್ಟೇಬಲ್ ಹಾಕಿದ. ಪ್ಯಾನೆಲಿನ ಒಳಗೆ ಕಟಕ್ ಎಂದಿತು. ಎಲ್ಲರೂ ಪ್ಲಾಟ್‌ಫಾರ್ಮ್ ಕಡೆ ಕತ್ತೆತ್ತಿದರು.

ಅದು ಅಲುಗಲಿಲ್ಲ.

ಹತ್ತು ಸೆಕೆಂಡು ಕಳೆಯಿತು. ಅರ್ಧ ನಿಮಿಷ ಕಳೆಯಿತು. ಒಂದು ನಿಮಿಷವಾದರೂ ಕಾರು ಅಲ್ಲಿಯೇ, ಪ್ಲಾಟ್‌ಫಾರ್ಮ್ ಅಲ್ಲಿಯೇ. ಇನ್‌ಸ್ಪೆಕ್ಟರ್ ಕೆಮ್ಮುವುದನ್ನೂ ಮರೆತರು.

“ಯಾಕೆ ಇಳೀತಿಲ್ಲ?”

“ಕಂಬದೊಳಗೆ ಏಣಿ ಮೆಟ್ಟಿಲಿನ ಹಾಗೆ ಹಲ್ಲುಗಳಿವೆ ಸಾರ್. ಕರೆಂಟ್ ಹೋದ ತಕ್ಷಣ ಒಂದು ಕೊಕ್ಕೆ ಬಂದು ಹಲ್ಲಿನ ಮೇಲೆ ಕೂರುತ್ತೆ. ಇಡೀ ಕಾರಿನ ಭಾರ ಆ ಕೊಕ್ಕೆ ಮೇಲೆ. ಬಾಗಿಲಿಗೆ ಹತ್ತು ಜನ ಒರಗಿ ನಿಂತಿದ್ರೆ ಚಿಲಕ ತೆಗೆಯೋಕಾಗುತ್ತಾ? ಇದೂ ಹಾಗೇ. ಮೊದಲು ಅಪ್ ಒತ್ತಿ ನಾಲ್ಕು ಬೆರಳಷ್ಟು ಮೇಲೆತ್ತಬೇಕು, ಆಗ ಕೊಕ್ಕೆ ಹಗುರಾಗಿ ಹಿಂದೆ ಸರಿಯುತ್ತೆ. ಆಮೇಲೆ ಡೌನ್.”

“ಇದು ನಿಮ್ಮಣ್ಣನಿಗೆ ಗೊತ್ತಿಲ್ವಾ? ದಿನಾ ಓಡಿಸ್ತಾನೆ.”

“ಇಳಿಸೋ ಮುಂಚೆ ಒಂದು ಸಲ ಅಪ್ ಒತ್ತಬೇಕು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ಕಲಿಸಿದೋರು ಹೇಳಿದ್ದನ್ನ ಮಾಡ್ತಾನೆ, ಅಷ್ಟೇ. ಅರ್ಧ ದಾರೀಲಿ ನಿಂತಿದ್ದು ಕರೆಂಟ್ ಬಂದಾಗ ಅಲ್ಲಿಂದಾನೇ ಮುಂದುವರಿಯುತ್ತೆ ಅಂದ್ಕೊಂಡಿದ್ದಾನೆ, ಫ್ಯಾನ್ ತಿರುಗೋ ಹಾಗೆ. ಪಾಪ, ತಾನೇ ಕೊಂದೆ ಅಂತ ನಿನ್ನೆಯಿಂದ ಕೊರಗಿ ಸಾಯ್ತಿದ್ದಾನೆ ಸಾರ್!”

ಇನ್‌ಸ್ಪೆಕ್ಟರ್ ಬೆಣೆ ಹಾಕಿದ ಬಟನ್ನನ್ನೂ ಪಕ್ಕದ ಹಸಿರು ಬಟನ್ನನ್ನೂ ನೋಡಿದರು. “ಹಾಗಾದ್ರೆ ಯಾರೋ ಬಂದು ಅಪ್ ಒತ್ತಿದಾರೆ.”

“ಒತ್ತಿ ನೋಡಿ.”

ಅವರು ಒತ್ತಿದರು. ಏನೂ ಆಗಲಿಲ್ಲ.

“ಎರಡೂ ಒಟ್ಟಿಗೆ ಒತ್ತಿದ್ರೆ ಪ್ಯಾನೆಲ್ ಯಾವುದನ್ನೂ ಕೇಳಲ್ಲ, ಹಾಗೇ ಜೋಡಿಸಿದೀನಿ. ಬೆಣೆ ತೆಗೀಲೇಬೇಕು.” ಕಿಡಿ ಬೆಣೆಯನ್ನು ಕಿತ್ತಳು. ಅಪ್ ಒತ್ತಿದಳು. ಮೋಟಾರು ಗುಡುಗಿತು, ಪ್ಲಾಟ್‌ಫಾರ್ಮ್ ಚೂರು ಏರಿತು, ಕಂಬದೊಳಗೆ ಟಣ್ ಎಂದಿತು. ಬೆರಳನ್ನು ಡೌನ್‌ಗೆ ಸರಿಸಿದಳು.

ಮೋಟಾರು ನಿಂತುಹೋಯಿತು. ಸದ್ದಿಲ್ಲದೆ, ಎಣ್ಣೆ ಜಾರಿದ ಹಾಗೆ, ಎರಡು ಟನ್ ಕಬ್ಬಿಣ ಇಳಿಯತೊಡಗಿತು.

“ಇಳಿಯೋಕೆ ಮೋಟಾರು ಬೇಡ ಸಾರ್. ಎತ್ತಿ ಹಿಡಿದಿರೋ ಎಣ್ಣೆಯ ವಾಲ್ವ್ ತೆರೆದ್ರೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಡಾಕ್ಟರಿಗೆ ಕೇಳಿಸಿದ್ದು ಮೇಲೆ ಹೋಗೋ ಸದ್ದು ಮಾತ್ರ. ಮೇಲೆ ಹೋಗ್ತಿರೋದರ ಅಡಿಯಲ್ಲಿ ನಿಂತವರು ಯಾಕೆ ಹೆದರ್ತಾರೆ? ಎಣಿಸಿ ಸಾರ್, ಎಣಿಸಿ.”

ಇನ್‌ಸ್ಪೆಕ್ಟರ್ ಎಣಿಸಿದರು. ಐದು. ಹತ್ತು. ಹದಿನೈದರ ಹೊತ್ತಿಗೆ ಪ್ಲಾಟ್‌ಫಾರ್ಮ್ ಸೊಂಟದ ಮಟ್ಟಕ್ಕೆ ಬಂದಿತ್ತು. ಕಿಡಿಯ ಹೆಬ್ಬೆರಳು ಬೆಳ್ಳಗಾಗಿತ್ತು. ಇಪ್ಪತ್ತು. ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿದ. ಇಪ್ಪತ್ತೆಂಟಕ್ಕೆ ಅದು ನೆಲ ಮುಟ್ಟಿತು.

ಎಲ್ಲರಿಗೂ ಒಂದೇ ಯೋಚನೆ. ಅಡಿಯಲ್ಲಿದ್ದವರು ಕೂಗಿರಲೇಬೇಕು. ಬೆರಳು ತೆಗೆದಿದ್ದರೆ ಸಾಕಿತ್ತು, ಅಲ್ಲೇ ನಿಲ್ಲುತ್ತಿತ್ತು. ತೆಗೆದಿರಲಿಲ್ಲ.

“ಇಪ್ಪತ್ತೆಂಟು ಸೆಕೆಂಡು,” ಎಂದರು ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲಿ. “ಇದು ಅಜಾಗರೂಕತೆ ಅಲ್ಲ.”

“ಅಲ್ಲ ಸಾರ್! ಯಾರೋ ಬೆಣೆ ತೆಗೆದ್ರು, ಒತ್ತಿದ್ರು, ಕೆಲಸ ಮುಗಿಸಿದ್ರು. ಆಮೇಲೆ ತಪ್ಪೆಲ್ಲ ಆಪರೇಟರ್ ತಲೆಗೆ ಬರಲಿ ಅಂತ ಬೆಣೆನ ವಾಪಸ್ ಸಿಕ್ಕಿಸಿ ಹೋದ್ರು. ಆ ಹೊತ್ತಲ್ಲಿ ನಮ್ಮಣ್ಣ ಟೀ ಅಂಗಡಿ ಬೆಂಚಿನ ಮೇಲಿದ್ದ. ನೀವೇ ಹೇಳಿದ್ದು!”

“ವಾಪಸ್ ಸಿಕ್ಕಿಸಿ,” ಎಂದು ಇನ್‌ಸ್ಪೆಕ್ಟರ್ ನಿಧಾನವಾಗಿ ಅಂದರು. ನೆಲದ ಮೇಲೆ ಬಿದ್ದಿದ್ದ ಬೆಣೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಜೇಬಿಗೆ ಹಾಕಿಕೊಂಡರು. ಕಿಡಿ ಅದನ್ನು ಗಮನಿಸಲಿಲ್ಲ. ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು.

“ಜೀಪು ಹತ್ತು. ನಾಲ್ಕರೊಳಗೆ ಠಾಣೆ ಮುಟ್ಟಬೇಕು.”

ಅವರು ಮುಟ್ಟಿದಾಗ ಮೂರೂ ನಲವತ್ತು. ಠಾಣೆಯ ವರಾಂಡದ ಬೆಂಚಿನ ಮೇಲೆ ಅತ್ತಿಗೆ ಸೆರಗು ಹೊದ್ದು ಕೂತಿದ್ದಳು. ಕಿಡಿ ಜೀಪು ಪೂರ್ತಿ ನಿಲ್ಲುವ ಮೊದಲೇ ಹಾರಿ, ಓಡಿ, ಅವಳನ್ನು ತಬ್ಬಿಕೊಂಡಳು.

“ಅತ್ತಿಗೆ! ಅಣ್ಣ ಅಲ್ಲ! ಬೇರೆ ಯಾರೋ ಮಾಡಿದ್ದು, ಬೇಕಂತ ಮಾಡಿದ್ದು. ಸಾಬೀತು ಮಾಡಿಬಿಟ್ಟೆ!”

ಅತ್ತಿಗೆಯ ಮೈ ಮರಗಟ್ಟಿದ ಹಾಗಿತ್ತು. ನಿನ್ನೆಯಿಂದ ಉಪವಾಸ, ಪಾಪ, ಸಂತೋಷಪಡಲೂ ತ್ರಾಣವಿಲ್ಲ ಎಂದುಕೊಂಡಳು ಕಿಡಿ.

“ಹೇಗೆ ಗೊತ್ತಾಯ್ತು?” ಎಂದಷ್ಟೇ ಕೇಳಿದಳು ಅತ್ತಿಗೆ.

“ಒಳಗೆ ಬನ್ನಿ, ಅಣ್ಣನ ಎದುರಿಗೇ ಹೇಳ್ತೀನಿ.” ಕೈ ಹಿಡಿದು ಎಳೆದುಕೊಂಡೇ ಹೋದಳು.

ಅಣ್ಣ ಮೇಜಿನ ಮುಂದೆ ಕೂತಿದ್ದ. ಒಂದೇ ದಿನದಲ್ಲಿ ಹತ್ತು ವರ್ಷ ಮುದುಕನಾಗಿದ್ದ. ಮುಂದೆ ಕಾಗದ, ಕಾಗದದ ಮೇಲೆ ಪೆನ್ನು. ಕಿಡಿ ಪೆನ್ನು ಕಿತ್ತುಕೊಂಡಳು. ಕೊಕ್ಕೆ, ಹಲ್ಲು, ಅಪ್, ಡೌನ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಣ್ಣ ಮೊದಲು ಅರ್ಥವಾಗದೆ ಅವಳ ಬಾಯಿಯನ್ನೇ ನೋಡಿದ. ಆಮೇಲೆ ಅವನ ಕಣ್ಣಲ್ಲಿ ನೀರು ತುಂಬಿತು.

“ಅಂದ್ರೆ... ನಾನಲ್ವಾ? ನನ್ನ ಬೆಣೆಯಿಂದ ಅಲ್ವಾ?”

“ಅಲ್ಲವೇ ಅಲ್ಲ! ನೀನು ಟೀ ಕುಡೀತಾ ಇದ್ದೆ ಕಣೋ ಪೆದ್ದ!”

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತುಬಿಟ್ಟ. ಕಿಡಿ ಅವನ ತಲೆ ಸವರಿದಳು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿತ್ತು.

“ಬೆಣೆ ತೆಗೆದು, ಕೆಲಸ ಮುಗಿಸಿ, ಮತ್ತೆ ಸಿಕ್ಕಿಸಿ ಹೋಗಿದ್ದಾರೆ ಪಾಪಿಗಳು,” ಎಂದಳು.

ಅಣ್ಣನ ಅಳು ನಿಂತಿತು. “ಮತ್ತೆ ಸಿಕ್ಕಿಸಿ?”

“ಹೂಂ. ನಿನ್ನ ಮೇಲೆ ಬರಲಿ ಅಂತ.”

“ಸರಿಯಾಗಿ ಕೂತಿತ್ತಾ? ಪೊಲೀಸ್ನೋರು ಬಂದಾಗ?”

ಉತ್ತರ ಕೊಟ್ಟವರು ಇನ್‌ಸ್ಪೆಕ್ಟರ್. “ಇಕ್ಕಳ ಹಾಕಿ ಕೀಳಬೇಕಾಯ್ತು.”

ಅಣ್ಣ ಮುಖದಿಂದ ಕೈ ತೆಗೆದ. ಕಿಡಿಯನ್ನು ನೋಡಲಿಲ್ಲ, ಇನ್‌ಸ್ಪೆಕ್ಟರನ್ನೂ ನೋಡಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ.

ಅಷ್ಟು ಹೊತ್ತು ಯಾರಾದರೂ ಯಾರನ್ನಾದರೂ ನೋಡುತ್ತಾರೆಯೇ? ಕಿಡಿಗೆ ಏನೋ ಸರಿಯಿಲ್ಲ ಎನಿಸಿತು. ಏನೆಂದು ತಿಳಿಯುವ ಮೊದಲೇ ಅಣ್ಣ ಕಾಗದವನ್ನು ಪಕ್ಕಕ್ಕೆ ತಳ್ಳಿದ.

“ಇದಕ್ಕೆ ಸಹಿ ಹಾಕಲ್ಲ ಸಾರ್. ಬೇರೆ ಬರೀರಿ. ಬೇಕಂತಾನೇ ಮಾಡಿದ್ದು. ನಾನೇ ಮಾಡಿದ್ದು.”

“ಅಣ್ಣಾ!”

“ಕರೆಂಟ್ ಬಂತು. ಟೀ ಅಂಗಡಿಯಿಂದ ಎದ್ದು ಬಂದೆ, ಅಪ್ ಒತ್ತಿದೆ, ಡೌನ್ ಒತ್ತಿದೆ. ಡಾಕ್ಟರ ಮೇಲೆ ಹಳೇ ಸಿಟ್ಟಿತ್ತು.”

“ಯಾಕಯ್ಯಾ ಸುಳ್ಳು?” ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ಎಳೆದುಕೊಂಡು ಕೂತರು. “ಅಂಗಡಿಯವನು—”

“ಅವನಿಗೆ ನಾನೇ ಹೇಳಿಕೊಟ್ಟಿದ್ದು.”

“ನಿನಗೆ ತಲೆ ಕೆಟ್ಟಿದೆಯೇನೋ!” ಕಿಡಿ ಅವನ ಭುಜ ಹಿಡಿದು ಅಲುಗಿಸಿದಳು. “ಈಗ ಎರಡು ವರ್ಷ ಅಲ್ಲ ಕಣೋ, ಇದು ಕೊಲೆ! ಗಲ್ಲಿಗೆ ಹಾಕ್ತಾರೆ! ಯಾಕೋ ಹೀಗಾಡ್ತೀಯಾ?”

“ಕಿಡಿ, ನೀನು ಸುಮ್ನಿರು. ನಿನ್ನ ಕಾಲಿಗೆ ಬೀಳ್ತೀನಿ, ಇನ್ನು ಒಂದು ಮಾತೂ ಆಡಬೇಡ. ನೀನು ಆಡಿದ್ದು ಸಾಕು.”

ಅಣ್ಣ ಜನ್ಮದಲ್ಲಿ ಅವಳಿಗೆ ಇಂಥ ಮಾತು ಹೇಳಿದವನಲ್ಲ. ಕಿಡಿಯ ಕೈ ತಾನಾಗಿ ಅವನ ಭುಜದಿಂದ ಜಾರಿತು.

ಇನ್‌ಸ್ಪೆಕ್ಟರ್ ಜೇಬಿನಿಂದ ಬೆಣೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಣ್ಣನನ್ನು ಬಿಟ್ಟು ಕಿಡಿಯ ಕಡೆ ತಿರುಗಿದರು. ದನಿಯಲ್ಲಿ ಮೊದಲ ಸಲ ಮರುಕವಿತ್ತು.

“ನೀನು ತೋರಿಸಿದ್ದೆಲ್ಲ ನಿಜಾನಮ್ಮ. ಅದಕ್ಕೇ ಕೇಳ್ತೀನಿ. ಇದನ್ನ ನಾನು ಹಾಕೋಕೆ ಹೋದೆ, ಆಗ್ಲಿಲ್ಲ. ಮ್ಯಾನೇಜರ್ ಕೈಲೂ ಆಗ್ಲಿಲ್ಲ. ಪ್ಯಾನೆಲ್ ಮಾಡಿದ ನಿನಗೇ ಮೂರು ಸಲ ಬೇಕಾಯ್ತು. ನಿನ್ನೆ ಅಲ್ಲಿ ನಿಂತೋರು, ಕಣ್ಣೆದುರಿಗೆ ಒಬ್ಬ ಸತ್ತು ಬಿದ್ದಿರುವಾಗ, ಯಾರಾದ್ರೂ ಬರೋದರೊಳಗೆ ಇಕ್ಕಳ ಇಲ್ಲದೆ ಜಗ್ಗದ ಹಾಗೆ ಹಾಕಿ ಹೋಗಿದ್ದಾರೆ. ಇದು ಮಾಡಿ ಮಾಡಿ ಪಳಗಿದ ಕೈ. ನಿಮ್ಮಣ್ಣನನ್ನ ಬಿಟ್ರೆ ಆ ಕೈ ಇನ್ಯಾರದ್ದು?”

ಕಿಡಿಗೆ ಮಧ್ಯಾಹ್ನದ ಆ ಬೇಸ್‌ಮೆಂಟ್ ಕಣ್ಣಿಗೆ ಕಟ್ಟಿತು. ನಿನ್ನೆಯದಲ್ಲ, ಹಿಂದಿನ ಎಷ್ಟೋ ಮಧ್ಯಾಹ್ನಗಳದ್ದು. ಕ್ಲಿನಿಕ್ಕಿನಿಂದ ಊಟದ ಹೊತ್ತಿಗೆ ಕೆಳಗಿಳಿದು ಬರುವ ಅತ್ತಿಗೆ. ನೀವು ಬಿಸಿಬಿಸಿ ತಿನ್ನಿ, ಅಷ್ಟರಲ್ಲಿ ಯಾರಾದ್ರೂ ಬಂದ್ರೆ ನಾನು ಇಳಿಸ್ತೀನಿ ಎನ್ನುವ ಅತ್ತಿಗೆ. ಅಣ್ಣನಿಗಿಂತ ಬೇಗ ಬೆಣೆ ಹಾಕುತ್ತೇನೆಂದು ಪಂದ್ಯ ಕಟ್ಟಿ, ಗೆದ್ದು, ಅವನ ತಲೆಗೆ ಮೊಟಕುವ ಅತ್ತಿಗೆ. ಅಡ್ಡಡ್ಡ ಇಟ್ಟು, ಅರ್ಧ ಸುತ್ತು. ಆ ವಿದ್ಯೆ ಇವತ್ತು ತನ್ನ ಕೈಗೆ ಬಂದದ್ದು ಅವಳು ಮಾಡುವುದನ್ನು ನೋಡಿದ ನೆನಪಿನಿಂದಲೇ.

ಅಣ್ಣನ ಕಣ್ಣು ಕಿಡಿಯ ಮುಖಕ್ಕೇ ಅಂಟಿಕೊಂಡಿತ್ತು. ಬೇಡ ಎಂದು ಅವನು ತಲೆಯಾಡಿಸಿದ, ಸಣ್ಣದಾಗಿ, ಇನ್‌ಸ್ಪೆಕ್ಟರ್‌ಗೆ ಕಾಣದ ಹಾಗೆ.

“ನನಗೆ... ಗೊತ್ತಿಲ್ಲ ಸಾರ್,” ಎಂದಳು ಕಿಡಿ.

“ಹೇಳೇ ಕಿಡಿ.”

ಬಾಗಿಲ ಕಡೆಯಿಂದ ಬಂದ ದನಿ ಶಾಂತವಾಗಿತ್ತು. ಅತ್ತಿಗೆ ಗೋಡೆ ಬಿಟ್ಟು ಮುಂದೆ ಬಂದಿದ್ದಳು.

“ಸುಳ್ಳು ಹೇಳೋಕೆ ನಾನು ನಿನಗೆ ಯಾವತ್ತೂ ಕಲಿಸಿಲ್ಲ. ಆ ಕೈ ನನ್ನದೇ ಸಾರ್. ಆ ಡಾಕ್ಟರ್ ಯಾಕೆ ಲಿಫ್ಟಿನ ಅಡಿಗೆ ಹೋದ ಅನ್ನೋದನ್ನ ಮಾತ್ರ ನನ್ನನ್ನ ಕೇಳಬೇಡಿ. ಅದನ್ನ ಹೇಳಿದ್ರೆ ಈ ಠಾಣೆಯಿಂದ ನನ್ನ ಜೊತೆ ಇನ್ನೊಬ್ಬರೂ ಮನೆಗೆ ಹೋಗಲ್ಲ.”

ಹಾಗೆ ಹೇಳುವಾಗ ಅತ್ತಿಗೆ ನೋಡುತ್ತಿದ್ದದ್ದು ಗಂಡನನ್ನಲ್ಲ, ಕಿಡಿಯನ್ನೂ ಅಲ್ಲ. ಇನ್‌ಸ್ಪೆಕ್ಟರನ್ನು.